ಆರು ರೆಕ್ಕೆಯಲ್ಲಿ ಎರಡು ಎಲ್ಲಿ ಹೋದವು? ಭಾವನ ಹಳೇ ಔಟ್‌ಬೋರ್ಡ್ ಬಿಚ್ಚಿದ ಲೆಕ್ಕ

ಔಟ್‌ಬೋರ್ಡ್ ಅಂದರೆ ದೋಣಿಯ ಹಿಂದೆ ನೇತು ಹಾಕುವ ಮೋಟಾರು. ಇದು ನಮ್ಮ ಭಾವನದು. ಯಮಹಾ ಎಂಡ್ಯೂರೋ, 8 ಎಚ್‌ಪಿ, ಟೂ ಸ್ಟ್ರೋಕ್, ಎರಡು ಸಿಲಿಂಡರ್, 165 ಸಿಸಿ. ಅವರು ತಗೊಂಡಾಗಲೇ ಸೆಕೆಂಡ್ ಹ್ಯಾಂಡ್. ಎಷ್ಟು ವರ್ಷದ್ದು ಅಂತ ಯಾರಿಗೂ ನೆನಪಿಲ್ಲ, ಮೇಲಿನ ಮುಚ್ಚಳದ ಸ್ಟಿಕ್ಕರ್ ಬಿಸಿಲಿಗೆ ಬೆಳ್ಳಗಾಗಿ ಹೋಗಿದೆ.

ಮೇ ಕೊನೆಯ ವಾರ ಗೋವಾದ ಜುವಾರಿ ನದಿಯಲ್ಲಿ ಬಲೆ ಎತ್ತಿ ಚಿಖ್ಲಿಗೆ ವಾಪಸ್ ಬರುವಾಗ ಇದು ಕೈ ಕೊಟ್ಟಿತು. ಮೊದಲು ಎಳೆತ ಕಮ್ಮಿ ಆಯಿತಂತೆ. ಆಮೇಲೆ ಬಣ್ಣ ಸುಟ್ಟ ವಾಸನೆ. ಆಮೇಲೆ ಸದ್ದೇ ಇಲ್ಲ. ಭಾವ ಹುಟ್ಟು ಹಾಕಿಕೊಂಡು ದಡ ಸೇರಿದರು. ರಿಪೇರಿ ಅಂಗಡಿಯಲ್ಲಿ ಬಿಚ್ಚಿ ನೋಡದೆಯೇ ಹದಿನೈದು ಸಾವಿರ ಅಂದರು. ಭಾವ ನೇರ ನಮ್ಮ ಮನೆ ಹಿತ್ತಿಲಿಗೆ ತಂದು ಇಳಿಸಿದರು.

"ತಮಾ, ಇದು ಒಂದು ತಿಂಗಳಿಂದ ಸರಿ ಉಚ್ಚೆ ಹೊಯ್ಯೂದಿಲ್ಲ" ಅಂದರು.

ನಗಬೇಡಿ, ಮೋಟಾರಿನ ಹಿಂಭಾಗದಿಂದ ನೀರು ಚಿಮ್ಮುವ ಸಣ್ಣ ತೂತಿಗೆ ಇಲ್ಲಿ ಎಲ್ಲರೂ ಹೇಳೋದು ಹಾಗೇ. ಆ ನೀರು ಬರುತ್ತಿದ್ದರೆ ಇಂಜಿನ್ ತಣ್ಣಗಿದೆ ಅಂತ ಅರ್ಥ. ಬರದಿದ್ದರೆ ಕೂಡಲೇ ಆಫ್ ಮಾಡಬೇಕು. ಭಾವ ಒಂದು ತಿಂಗಳು ಓಡಿಸಿದ್ದರು.

ನಾನು ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಮೆಂಟೆನೆನ್ಸ್ ಫಿಟ್ಟರ್. ಪಂಪು, ಕಂಪ್ರೆಸರ್ ಕೈಗೆ ಪಳಗಿವೆ. ಔಟ್‌ಬೋರ್ಡ್ ಬಿಚ್ಚಿದ್ದು ಇದೇ ಮೊದಲು. ಎಲ್ಲೆಲ್ಲಿ ಎಡವಿದೆ ಅನ್ನೋದನ್ನೂ ಕೆಳಗೆ ಬರೆದಿದ್ದೇನೆ. ಯಾರಾದರೂ ಇದೇ ಕೆಲಸಕ್ಕೆ ಇಳಿದರೆ ಮೊದಲು ಅದನ್ನೇ ಓದಿ.

ಜೂನ್ 1, ಶನಿವಾರ: ಬಿಚ್ಚುವ ಮುಂಚೆ

ಟ್ರಾಲರ್‌ಗಳಿಗೆ ಅವತ್ತಿನಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್, ಒಟ್ಟು 61 ದಿನ. ಭಾವನದು ನದಿಯೊಳಗೇ ಓಡಾಡುವ ಸಣ್ಣ ದೋಣಿ. ಆದರೂ ಮಳೆಗಾಲ ಅಲ್ವಾ, ಅವಸರ ಇಲ್ಲ ಅಂದರು. ಹಿತ್ತಿಲ ಶೀಟಿನ ಕೆಳಗೆ ಎರಡು ಕಂಬಕ್ಕೆ ದಪ್ಪ ಹಲಗೆ ಬಡಿದು ಅದಕ್ಕೆ ಮೋಟಾರು ನೇತು ಹಾಕಿದೆ.

ಮೊದಲು ಸ್ಪಾರ್ಕ್. ಎರಡೂ ಪ್ಲಗ್ ತೆಗೆದು, ಇಂಜಿನ್ ಮೈಗೆ ತಾಗಿಸಿ ಹಗ್ಗ ಎಳೆದರೆ ಎರಡಕ್ಕೂ ನೀಲಿ ಕಿಡಿ. ಒಳ್ಳೆಯದಾಯಿತು, ಕರೆಂಟಿನ ತಂಟೆ ಇಲ್ಲ.

ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಎಷ್ಟು ಒತ್ತಡಕ್ಕೆ ಏರುತ್ತೆ ಅನ್ನೋದು. 700 ರೂಪಾಯಿಯ ಗೇಜ್ ತಂದೆ. ಆಕ್ಸಿಲರೇಟರ್ ಪೂರ್ತಿ ತೆರೆದು, ಎರಡೂ ಪ್ಲಗ್ ಹೊರಗಿಟ್ಟು, ವೈರುಗಳನ್ನು ಬಾಡಿಗೆ ತಾಗಿಸಿಟ್ಟು, ಗೇಜಿನ ಮುಳ್ಳು ಮೇಲೇರೋದು ನಿಲ್ಲುವವರೆಗೆ ಎಳೆಯಬೇಕು. ವೈರುಗಳನ್ನು ಸುಮ್ನೆ ಗಾಳಿಯಲ್ಲಿ ಬಿಟ್ಟು ಎಳೆದರೆ ಕಿಡಿ ಹುಟ್ಟಿಸುವ ಸಿಡಿಐ ಡಬ್ಬಿ ಸುಡಬಹುದು. ಮೇಲಿನ ಸಿಲಿಂಡರ್ 108 ಪಿಎಸ್ಐ. ಕೆಳಗಿನದು 66. ಕೆಳಗಿನದಕ್ಕೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಎಳೆದೆ, 92ಕ್ಕೆ ಏರಿತು. ಅಂದರೆ ಗಾಳಿ ಸೋರುತ್ತಿರೋದು ಪಿಸ್ಟನ್ ಪಕ್ಕದಿಂದ. ಪಿಸ್ಟನ್ ಸುತ್ತಲಿನ ರಿಂಗ್ ಹೋಗಿದೆ, ಇಲ್ಲ ಅಂಟಿಕೊಂಡಿದೆ.

ಕೊನೆಗೆ ಗೇರ್ ಬಾಕ್ಸಿನ ಕೆಳಗಿನ ಸ್ಕ್ರೂ ಬಿಚ್ಚಿದೆ. ಮೊದಲು ಒಂದು ಗುಟುಕು ನೀರು, ಹಿಂದೆಯೇ ಹಾಲು ಜಾಸ್ತಿ ಹಾಕಿದ ಚಹಾದ ಹಾಗೆ ಎಣ್ಣೆ. ಹಿಂದಿನ ಸೀಲ್ ಹೋಗಿದೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಜೂನ್ 2, ಭಾನುವಾರ: ಇಂಪೆಲ್ಲರ್, ಮತ್ತು ನನ್ನ ದೊಡ್ಡ ತಪ್ಪು

ಕೆಳಗಿನ ಗೇರ್ ಭಾಗ ಇಳಿಸಿದೆ. ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ರಸ್ಟ್ ಸ್ಪ್ರೇ ಹೊಡೆದಿಟ್ಟಿದ್ದೆ, ಬಂದವು. ಎಳೆಯುವ ಮುಂಚೆ ಗೇರ್ ರಾಡಿನ ಜೋಡಣೆ ಬಿಚ್ಚೋದು ಮರೆತು ಹತ್ತು ನಿಮಿಷ ಮರದ ಸುತ್ತಿಗೆಯಲ್ಲಿ ಬಡಿದೆ. ಭಾವ ಪಕ್ಕದಲ್ಲೇ ನಿಂತು ನೋಡುತ್ತಿದ್ದರು, ಏನೂ ಹೇಳಲಿಲ್ಲ. ಆಮೇಲೆ "ಆ ಸರಳು ಎಂತಕ್ಕೆ ಉಂಟು?" ಅಂತ ಕೇಳಿದರು.

ನೀರಿನ ಪಂಪಿನ ಮುಚ್ಚಳ ತೆಗೆದರೆ ಒಳಗೆ ರಬ್ಬರ್ ಇಂಪೆಲ್ಲರ್, ನೀರು ತಳ್ಳುವ ರೆಕ್ಕೆ ಚಕ್ರ. ಆರು ರೆಕ್ಕೆ ಇರಬೇಕು. ನಾಲ್ಕಿದ್ದವು, ಅವೂ ಒಂದೇ ಕಡೆಗೆ ಬಾಗಿ ಗಟ್ಟಿಯಾಗಿದ್ದವು. ಮೊಬೈಲಿನಲ್ಲಿ ಒಂದು ಫೋಟೋ ತೆಗೆದೆ. ಆಹಾ, ಕಳ್ಳ ಸಿಕ್ಕಿದ ಅಂದುಕೊಂಡು ಹಳೆಯದನ್ನು ಕಸದ ಡಬ್ಬಿಗೆ ಎಸೆದೆ.

ಅಲ್ಲೇ ತಪ್ಪಿದ್ದು. ಎರಡು ರೆಕ್ಕೆ ಇಲ್ಲ ಅಂದಮೇಲೆ ಅವು ಎಲ್ಲಿಗೆ ಹೋದವು ಅಂತ ಕೇಳಿಕೊಳ್ಳಲೇ ಇಲ್ಲ. ಪಂಪು ನೀರನ್ನು ಮೇಲಕ್ಕೆ ತಳ್ಳುತ್ತೆ. ಮುರಿದ ರಬ್ಬರ್ ಚೂರೂ ಅದೇ ದಾರಿ ಹಿಡಿಯುತ್ತೆ. ದಿನವೂ ಪಂಪ್ ರಿಪೇರಿ ಮಾಡುವ ನನಗೆ ಇದು ಹೊಳೆಯಲಿಲ್ಲ.

ಹೊಸ ಕಿಟ್ 1,450 ರೂಪಾಯಿ. ಇಂಪೆಲ್ಲರನ್ನು ಶಾಫ್ಟಿಗೆ ಹಿಡಿಸುವ ಸಣ್ಣ ಕೀ ಕೂರಿಸಿ, ರೆಕ್ಕೆಗೆ ಸ್ವಲ್ಪ ಗ್ರೀಸ್ ಸವರಿ, ಶಾಫ್ಟನ್ನು ಮೇಲಿಂದ ನೋಡಿದಾಗ ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸುತ್ತಾ ಮುಚ್ಚಳ ಒತ್ತಿದೆ. ಹಾಗೆ ಮಾಡಿದರೆ ರೆಕ್ಕೆಗಳು ಸರಿಯಾದ ದಿಕ್ಕಿಗೆ ಮಡಚಿಕೊಳ್ಳುತ್ತವೆ.

ರಿಂಗಿನ ಕೆಲಸ ಬಾಕಿ ಇದ್ದರೂ ಖುಷಿ ತಡೆಯಲಾಗದೆ ನೀರಿನ ಡ್ರಮ್ಮಿನಲ್ಲಿ ಇಳಿಸಿ ಸ್ಟಾರ್ಟ್ ಮಾಡಿದೆ. ಕುಂಟುತ್ತಾ ಓಡಿತು. ಹಿಂದಿನ ತೂತಿನಿಂದ ದಾರದಷ್ಟು ನೀರು. ಹೊಸ ಪಂಪ್ ಅಲ್ವಾ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತೆ ಅಂದುಕೊಂಡೆ. ನಾಲ್ಕು ನಿಮಿಷಕ್ಕೆ ಹೆಡ್ಡಿನ (ಸಿಲಿಂಡರ್ ಮುಚ್ಚಳದ) ಮೇಲೆ ಒಂದು ಹನಿ ನೀರು ಚಿಮುಕಿಸಿ ನೋಡಿದರೆ, ದೋಸೆ ಕಾವಲಿಗೆ ಬಿದ್ದ ಹಾಗೆ ಚುಂಯ್ ಅಂದು ಆರಿಹೋಯಿತು. ಆಫ್ ಮಾಡಿದೆ.

ಜೂನ್ 8 ಮತ್ತು 9: ಬೋಲ್ಟ್ ಮುರಿಯುವ ಹಬ್ಬ

ಉಪ್ಪು ನೀರಿನಲ್ಲಿ ಓಡಿದ ಹಳೇ ಇಂಜಿನ್ನಿನಲ್ಲಿ ಪಿಸ್ಟನ್ನಿಗಿಂತ ದೊಡ್ಡ ತಲೆನೋವು 6 ಮಿಲಿಮೀಟರ್ ಬೋಲ್ಟು. ಅಲ್ಯೂಮಿನಿಯಂ ಒಳಗೆ ಕಬ್ಬಿಣ, ಮಧ್ಯೆ ಉಪ್ಪು. ಎರಡೂ ಸೇರಿ ಬಿಳಿ ಪುಡಿಯಾಗಿ ಬಿಗಿದುಕೊಂಡಿರುತ್ತವೆ.

ನಾನು ಮಾಡಿದ ಕ್ರಮ ಹೀಗೆ. ಸ್ಪ್ರೇ ಹೊಡೆದು ಒಂದು ರಾತ್ರಿ ಬಿಡೋದು. ಬೋಲ್ಟಿನ ತಲೆಗೆ ಸಣ್ಣ ಸುತ್ತಿಗೆಯಿಂದ ನಾಲ್ಕು ಏಟು. ಸುತ್ತಲಿನ ಅಲ್ಯೂಮಿನಿಯಂಗೆ ಟಾರ್ಚಿನಿಂದ ಬಿಸಿ. ಆಮೇಲೆ ಮೊದಲು ಬಿಗಿ ಮಾಡುವ ಕಡೆಗೆ ಒಂಚೂರು, ಮತ್ತೆ ಬಿಚ್ಚುವ ಕಡೆಗೆ. ಟಕ್ ಅಂದರೆ ಬಂತು. ಬೆಲ್ಲದ ಪಾಕದ ಹಾಗೆ ಮೆತ್ತಗೆ ತಿರುಗಿತು ಅಂದರೆ ಕೂಡಲೇ ನಿಲ್ಲಿಸಬೇಕು, ಬೋಲ್ಟ್ ಒಳಗೇ ತಿರುಚಿಕೊಳ್ಳುತ್ತಿದೆ. ನಾನು ಎರಡು ಸಲ ನಿಲ್ಲಿಸಲಿಲ್ಲ. ಹೆಡ್ಡಿನಲ್ಲಿ ಒಂದು, ಹೊಗೆ ಹೋಗುವ ಎಕ್ಸಾಸ್ಟ್ ಕವರಿನಲ್ಲಿ ಒಂದು, ಎರಡೂ ಮುರಿದವು.

ಎಕ್ಸಾಸ್ಟಿನದನ್ನು ನಾನೇ ಡ್ರಿಲ್ ಮಾಡಿದೆ. ಸೆಂಟರ್ ಪಂಚ್ ಸರಿಯಾಗಿ ಹೊಡೆಯಲಿಲ್ಲ. ಡ್ರಿಲ್ ಗಟ್ಟಿ ಕಬ್ಬಿಣ ಬಿಟ್ಟು ಮೆತ್ತನೆಯ ಅಲ್ಯೂಮಿನಿಯಂ ಕಡೆ ಜಾರಿತು. ಥ್ರೆಡ್ ಅರ್ಧ ಹೋಯಿತು. ಕೊನೆಗೆ 6.3 ಮಿಲಿಮೀಟರಿಗೆ ತೂತು ದೊಡ್ಡ ಮಾಡಿ ಹೆಲಿಕಾಯಿಲ್, ಅಂದರೆ ಹೊಸ ಥ್ರೆಡ್ ಆಗುವ ತಂತಿ ಸುರುಳಿ, ಹಾಕಬೇಕಾಯಿತು. ಕಿಟ್ಟಿಗೆ 1,100 ರೂಪಾಯಿ.

ಹೆಡ್ಡಿನದಕ್ಕೆ ಬುದ್ಧಿ ಬಂತು. ಬ್ಲಾಕನ್ನು ಗೋಣಿಚೀಲದಲ್ಲಿ ಸುತ್ತಿ ಸ್ಕೂಟರಿನಲ್ಲಿ ಜುವಾರಿನಗರಕ್ಕೆ ಒಯ್ದೆ. ಅಲ್ಲಿ ನನಗೆ ಪರಿಚಯದ ವೆಲ್ಡರ್ ಒಬ್ಬರಿದ್ದಾರೆ, ಗದಗ ಕಡೆಯವರು. ನೋಡಿದ ಕೂಡಲೇ "ಇದಕ್ಕ ಡ್ರಿಲ್ ಹಚ್ಚಬ್ಯಾಡ್ರಿ ಸರ, ಇನ್ನೊಂದಕ್ಕ ಹಚ್ಚೀರಿ ಅನಸ್ತೈತಿ" ಅಂದರು. ಮುರಿದ ತುಂಡಿನ ಮೇಲೆ ಒಂದು ನಟ್ ಇಟ್ಟು, ನಟ್ಟಿನ ಒಳಗಿನಿಂದ ವೆಲ್ಡ್ ತುಂಬಿದರು. ವೆಲ್ಡ್ ಕಬ್ಬಿಣಕ್ಕೆ ಹಿಡಿಯುತ್ತೆ, ಅಲ್ಯೂಮಿನಿಯಂಗೆ ಹಿಡಿಯಲ್ಲ. ಆ ಬಿಸಿಗೆ ಬಿಗಿತವೂ ಸಡಿಲ. ಕೆಂಪು ಆರಿದ ಮೇಲೆ ಸ್ಪ್ಯಾನರ್ ಹಾಕಿ ತಿರುಗಿಸಿದರು, ಬೆಣ್ಣೆಯಲ್ಲಿನ ಕೂದಲಿನ ಹಾಗೆ ಬಂತು. 200 ರೂಪಾಯಿ. ಎರಡನ್ನೂ ಮೊದಲೇ ಇವರ ಹತ್ತಿರ ತಂದಿದ್ದರೆ ಸಾವಿರ ಉಳಿಯುತ್ತಿತ್ತು.

ಜೂನ್ 15: ರಬ್ಬರ್ ಸಿಕ್ಕಿತು

ಸಿಲಿಂಡರ್ ಸುತ್ತ ನೀರು ಓಡುವ ದಾರಿಗಳು ನೋಡುವ ಹಾಗಿರಲಿಲ್ಲ. ಗೋಡೆಗೆಲ್ಲ ಸುಣ್ಣದ ಹಾಗೆ ಉಪ್ಪು, ಮಧ್ಯೆ ಜುವಾರಿಯ ಕಪ್ಪು ಕೆಸರು. ಒಂದು ಹಳೇ ಸ್ಕ್ರೂಡ್ರೈವರಿನಿಂದ ಕೆರೆಯುತ್ತಾ ಹೋದೆ. ಕೆಳಗಿನ ಸಿಲಿಂಡರಿನ ಸುತ್ತ ನೀರು ಒಳಗೆ ಬರುವ ಬಾಯಿಯಲ್ಲೇ ಮೆತ್ತಗೆ ಏನೋ ತಾಗಿತು. ಇಕ್ಕಳದಲ್ಲಿ ಹಿಡಿದು ಎಳೆದೆ.

ಒಣಗಿಸಿದ ಮುರುಗಲು ಸಿಪ್ಪೆ ನೋಡಿದ್ದೀರಲ್ಲ? ಹಾಗೇ ಇತ್ತು. ಕಪ್ಪಗೆ, ಅಂಚು ಸುರುಟಿ, ಮೇಲೆ ಬಿಳಿ ಉಪ್ಪಿನ ಪದರ. ವರ್ನಿಯರಿನಲ್ಲಿ ಅಳೆದರೆ 14 ಮಿಲಿಮೀಟರ್. ಒಂದು ಪೂರ್ತಿ ರೆಕ್ಕೆ. ಮೇಲಿನ ಸಿಲಿಂಡರ್ ಆರಾಮಾಗಿದ್ದು ಕೆಳಗಿನದು ಮಾತ್ರ ಯಾಕೆ ಬೆಂದಿತು ಅಂತ ಅಲ್ಲಿಗೆ ಗೊತ್ತಾಯಿತು.

ಎಕ್ಸಾಸ್ಟ್ ಕವರಿನ ಹಿಂದೆ ಇನ್ನೊಂದು ಚೂರು, 6 ಮಿಲಿಮೀಟರ್. ಅರ್ಧ ರೆಕ್ಕೆ. ಹಳೇ ಇಂಪೆಲ್ಲರ್ ಇದ್ದಿದ್ದರೆ ಪೇಪರ್ ಮೇಲಿಟ್ಟು ಚೂರುಗಳನ್ನು ಜೋಡಿಸಿ ನೋಡಬಹುದಿತ್ತು. ಕಸದ ಗಾಡಿ ಅದನ್ನು ಒಯ್ದು ವಾರ ಕಳೆದಿತ್ತು. ಫೋಟೋ ಹಿಗ್ಗಿಸಿ ನೋಡಿದೆ. ಎರಡು ರೆಕ್ಕೆಯೂ ಬುಡಕ್ಕೇ ಕಿತ್ತಿವೆ. ಸಿಕ್ಕಿದ್ದು ಒಂದೂವರೆ. ಇನ್ನರ್ಧ ಇರಲೇಬೇಕು. ಕೆಳಗಿನಿಂದ ನೀರು ಏರುವ ತಾಮ್ರದ ಕೊಳವೆಗೆ ಸೈಕಲ್ ಬ್ರೇಕ್ ವೈರ್ ತೂರಿಸಿದೆ, ಖಾಲಿ. ಹೆಡ್ಡಿನಲ್ಲೂ ಇಲ್ಲ. ಎಲ್ಲೋ ಪುಡಿಯಾಗಿ ಹೊರಗೆ ಹೋಗಿರಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಉಪ್ಪು ತೆಗೆಯೋದಕ್ಕೆ ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿದ್ದು ಇನ್ನೊಂದು ಹುಚ್ಚುತನ. ಬುಸ್ ಅಂತ ನೊರೆ ಬಂತು, ಅರ್ಧ ನಿಮಿಷದಲ್ಲಿ ಅಲ್ಯೂಮಿನಿಯಂ ಕಪ್ಪಗಾಯಿತು. ಓಡಿ ಹೋಗಿ ನಲ್ಲಿ ಕೆಳಗೆ ಹಿಡಿದೆ. ಉಪ್ಪಿನ ಜೊತೆ ಲೋಹವನ್ನೂ ತಿನ್ನುತ್ತೆ ಅದು. ಆಮೇಲೆ ಬಿಳಿ ವಿನೆಗರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹಲ್ಲುಜ್ಜುವ ಹಳೇ ಬ್ರಶ್ಶಿನಲ್ಲಿ ಉಜ್ಜಿದೆ. ನಿಧಾನ, ಆದರೆ ಕೆಲಸ ಆಗುತ್ತೆ.

ಜೂನ್ 16 ಮತ್ತು 22: ಪಿಸ್ಟನ್

ಈ ಇಂಜಿನ್ನಿನಲ್ಲಿ ಪಿಸ್ಟನ್ ತೆಗೆಯಬೇಕು ಅಂದರೆ ಕ್ರ್ಯಾಂಕ್ ಶಾಫ್ಟ್ ಕೂರುವ ಕ್ರ್ಯಾಂಕ್‌ಕೇಸ್ ಎರಡು ಹೋಳು ಮಾಡಲೇಬೇಕು. ಪುಲ್ಲರ್ ಹಾಕಿ ಫ್ಲೈವೀಲ್ ಎಬ್ಬಿಸಿದೆ. ಕೇಸ್ ಬೋಲ್ಟು ಬಿಚ್ಚಿ, ಮರದ ತುಂಡಿನಿಂದ ತಟ್ಟಿದರೆ ಬಿಟ್ಟುಕೊಂಡಿತು. ಕ್ರ್ಯಾಂಕ್, ರಾಡ್, ಎರಡು ಪಿಸ್ಟನ್ ಒಟ್ಟಿಗೇ ಕೈಗೆ ಬಂದವು. ಯಾವ ಪಿಸ್ಟನ್ ಮೇಲಿನದು ಅಂತ ಮಾರ್ಕರಿನಲ್ಲಿ ಗುರುತು ಹಾಕಿದೆ. ಬೋಲ್ಟುಗಳನ್ನು ಒಂದು ರಟ್ಟಿನ ಮೇಲೆ ಇಂಜಿನ್ನಿನ ಚಿತ್ರ ಬರೆದು ಅದದೇ ಜಾಗಕ್ಕೆ ಚುಚ್ಚಿಟ್ಟೆ. ನಾನು ಮಾಡಿದ ಒಂದೇ ಜಾಣ ಕೆಲಸ ಅದು.

ಕೆಳಗಿನ ಪಿಸ್ಟನ್ನಿನ ಎರಡೂ ರಿಂಗ್ ಇಂಗಾಲದಲ್ಲಿ ಹೂತು ಹೋಗಿದ್ದವು. ಎಕ್ಸಾಸ್ಟ್ ಕಡೆ ಸಿಲಿಂಡರ್ ಗೋಡೆಗೆ ಅಲ್ಯೂಮಿನಿಯಂ ಮೆತ್ತಿತ್ತು, ಉಗುರಿಗೆ ತಾಗುವಷ್ಟು. 400 ನಂಬರ್ ಎಮರಿ ಪೇಪರ್ ಎಣ್ಣೆಯಲ್ಲಿ ಅದ್ದಿ, ಅಡ್ಡಗೆರೆ ಬೀಳುವ ಹಾಗೆ ತಿರುಗಿಸುತ್ತಾ ಉಜ್ಜಿದೆ. ಎರಡು ಗಂಟೆ ಹಿಡಿಯಿತು. ಕಂಪನಿಯಿಂದ ಒಂದು ದಿನದ ಮಟ್ಟಿಗೆ ಸಿಲಿಂಡರಿನ ಒಳ ಅಗಲ (ಬೋರು) ಅಳೆಯುವ ಬೋರ್ ಗೇಜ್ ಕೇಳಿ ತಂದಿದ್ದೆ. ಹೊಸದರಲ್ಲಿ 50 ಮಿಲಿಮೀಟರ್ ಇರುವ ಬೋರು ಮೇಲೆ 50.03, ಕೆಳಗೆ 50.05. ಕೊರೆದು ಅಗಲ ಮಾಡಿಸೋದು (ಬೋರಿಂಗ್) ಬೇಡ, ಹೊಸ ರಿಂಗ್ ಸಾಕು ಅಂತ ತೀರ್ಮಾನ ಮಾಡಿದೆ.

ರಿಂಗ್ ಎರಡೂ ಸಿಲಿಂಡರಿಗೆ ಸೇರಿ 1,600. ಒಂದೊಂದನ್ನೂ ಬೋರಿನೊಳಗೆ ಪಿಸ್ಟನ್ ತಲೆಯಿಂದ ಸಮನಾಗಿ ತಳ್ಳಿ, ತುದಿಗಳ ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳ್ಳನೆ ಪಟ್ಟಿ) ಹಾಕಿ ನೋಡಿದೆ. ಹೊಸದು 0.25 ಮಿಲಿಮೀಟರ್. ಹಳೆಯದು 0.9 ಇತ್ತು.

ಟೂ ಸ್ಟ್ರೋಕ್ ಪಿಸ್ಟನ್ನಿನಲ್ಲಿ ರಿಂಗ್ ಕೂರುವ ತೋಡಿನಲ್ಲಿ ಒಂದು ಸಣ್ಣ ಪಿನ್ ಇರುತ್ತೆ. ರಿಂಗಿನ ಎರಡು ತುದಿ ಆ ಪಿನ್ನಿನ ಅಕ್ಕಪಕ್ಕವೇ ಬರಬೇಕು. ಇಲ್ಲದಿದ್ದರೆ ರಿಂಗ್ ಸುತ್ತಿಕೊಂಡು ಹೋಗಿ ತುದಿ ಸಿಲಿಂಡರಿನ ಕಿಂಡಿಗೆ ಸಿಕ್ಕಿ ಮುರಿಯುತ್ತೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಎರಡು ಪಿಸ್ಟನ್ನನ್ನು ಒಟ್ಟಿಗೆ ಒಳಗೆ ಬಿಡುವ ಗಡಿಬಿಡಿಯಲ್ಲಿ ಕೆಳಗಿನದರ ರಿಂಗ್ ಪಿನ್ನಿನ ಮೇಲೇ ಹತ್ತಿ ಕೂತಿದ್ದು ಕಾಣಲಿಲ್ಲ. ಇನ್ನು ಸ್ವಲ್ಪ ಒತ್ತಿದರೆ ಆಯಿತು ಅಂದುಕೊಂಡು ಒತ್ತಿದೆ. ಚಟ್ ಅಂತ ಸಣ್ಣ ಸದ್ದು. ಭಾವ ಚಹಾ ಲೋಟ ಕೆಳಗಿಟ್ಟರು. ಇನ್ನೊಂದು ಸೆಟ್, 800 ರೂಪಾಯಿ, ಒಂದು ವಾರ ಕಾಯುವ ಕೆಲಸ.

ಎರಡನೇ ಸಲ ಭಾವನೇ ಪಿಸ್ಟನ್ ಹಿಡಿದರು, ನಾನು ಎರಡೂ ಹೆಬ್ಬೆರಳಲ್ಲಿ ರಿಂಗ್ ಒತ್ತಿದೆ. ತೊಡಕಿದ ಬಲೆ ಬಿಡಿಸುವ ಕೈ ಅದು, ಅವಸರ ಅನ್ನೋದೇ ಇಲ್ಲ. ಒಂದೊಂದಾಗಿ ಜಾರಿದವು.

ಜೂನ್ 29 ಮತ್ತು 30: ಮುಚ್ಚುವ ಕೆಲಸ

ಕ್ರ್ಯಾಂಕಿನ ಮೇಲೆ ಕೆಳಗೆ ಹೊಸ ಆಯಿಲ್ ಸೀಲ್. ಟೂ ಸ್ಟ್ರೋಕಿನಲ್ಲಿ ಇಲ್ಲಿ ಗಾಳಿ ಎಳೆದುಕೊಂಡರೆ ಪೆಟ್ರೋಲ್, ಎಣ್ಣೆ ಎರಡೂ ಕಮ್ಮಿಯಾಗಿ ಪಿಸ್ಟನ್ ಮತ್ತೆ ಸುಡುತ್ತೆ, ಹಾಗಾಗಿ ಹಳೆಯದು ಚೆನ್ನಾಗಿ ಕಂಡರೂ ಬದಲಿಸಿದೆ. ಕೇಸಿನ ಎರಡು ಹೋಳಿನ ಮಧ್ಯೆ ಗ್ಯಾಸ್ಕೆಟ್ ಇಲ್ಲ, ತೆಳ್ಳಗೆ ಸೀಲೆಂಟ್ ಮಾತ್ರ. ಬೋಲ್ಟುಗಳನ್ನು ನಡುವಿನಿಂದ ಹೊರಗೆ, ಎರಡು ಸುತ್ತಿನಲ್ಲಿ ಬಿಗಿ ಮಾಡಿದೆ: ಮೊದಲು 6, ಆಮೇಲೆ 12 ನ್ಯೂಟನ್ ಮೀಟರ್. ಹೊಸ ಸ್ಟೀಲ್ ಬೋಲ್ಟಿಗೆಲ್ಲ ಮೆರೀನ್ ಗ್ರೀಸ್ ಬಳಿದೆ. ಒಣಗಿದ್ದು ಹಾಕಿದರೆ ಮುಂದಿನ ಸಲ ಬಿಚ್ಚುವವನು ನನ್ನನ್ನು ಬೈಯುತ್ತಾನೆ. ಆ ಮುಂದಿನವನು ನಾನೇ ತಾನೆ.

ಇಂಜಿನ್ನಿನೊಳಗೆ ಗಾಳಿ ಬಿಡುವ ರೀಡ್ ವಾಲ್ವ್ ಬೆಳಕಿಗೆ ಹಿಡಿದು ನೋಡಿದೆ, ಸಂದಿ 0.2 ಮಿಲಿಮೀಟರಿಗಿಂತ ಕಮ್ಮಿ, ಹಾಗೇ ಬಿಟ್ಟೆ. ಕಾರ್ಬೊರೇಟರ್ ಬಟ್ಟಲಲ್ಲಿ ಬಿಳಿ ಲೋಳೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರೋದರಿಂದ ಗಾಳಿಯ ತೇವ ಹೀರಿಕೊಳ್ಳುತ್ತೆ. ಮಳೆಗಾಲದಲ್ಲಿ ಟ್ಯಾಂಕಿನಲ್ಲಿ ಬಿಟ್ಟರೆ ಇದೇ ಗತಿ. ತೊಳೆದು, ಜೆಟ್ಟಿಗೆ ಗಾಳಿ ಹೊಡೆದೆ.

ಗೇರ್ ಬಾಕ್ಸಿಗೆ ಬಂದರೆ, ಪ್ರೊಪೆಲ್ಲರ್ ತೆಗೆದ ಕೂಡಲೇ ಕಾರಣ ಕಂಡಿತು. ಶಾಫ್ಟಿಗೆ ಬಲೆಯ ನೈಲಾನ್ ನೂಲು ಸುತ್ತಿ, ಬಿಸಿಗೆ ಕರಗಿ ಗಟ್ಟಿ ಬಳೆಯಾಗಿ ಸೀಲನ್ನು ಕೊಯ್ದಿತ್ತು. ಬ್ಲೇಡಿನಲ್ಲಿ ಕತ್ತರಿಸಿ ತೆಗೆದೆ. ಹೊಸ ಸೀಲ್ ಹಾಕಿ, ಮೇಲಿನ ಸ್ಕ್ರೂ ತೂತಿಗೆ ರಬ್ಬರ್ ಬಿರಡೆಯ ಮೂಲಕ ಸೈಕಲ್ ಪಂಪಿನಿಂದ 10 ಪಿಎಸ್ಐ ಗಾಳಿ ತುಂಬಿ, ಸೋಪಿನ ನೀರು ಸವರಿದೆ. ಹತ್ತು ನಿಮಿಷ ಗುಳ್ಳೆ ಬರಲಿಲ್ಲ. 90 ನಂಬರ್ ಗೇರ್ ಎಣ್ಣೆಯನ್ನು ಕೆಳಗಿನ ತೂತಿನಿಂದ ತುಂಬಬೇಕು, ಮೇಲಿನ ತೂತಿನಲ್ಲಿ ಉಕ್ಕುವವರೆಗೆ. ಮೇಲಿನಿಂದ ಸುರಿದರೆ ಒಳಗೆ ಗಾಳಿ ನಿಂತು ಅರ್ಧವೇ ತುಂಬುತ್ತೆ. ಭಾವ ಇಷ್ಟು ವರ್ಷ ಮೇಲಿನಿಂದಲೇ ಸುರಿಯುತ್ತಿದ್ದರಂತೆ.

ಜುಲೈ 6: ಡ್ರಮ್ಮಿನಲ್ಲಿ

ಕಂಪ್ರೆಷನ್ ಮೇಲೆ 116, ಕೆಳಗೆ 112. ಮೂರನೇ ಎಳೆತಕ್ಕೆ ಸ್ಟಾರ್ಟ್ ಆಯಿತು. ಹೊಸ ರಿಂಗ್ ಕೂರೋವರೆಗೆ 25ಕ್ಕೆ 1ರ ಲೆಕ್ಕದಲ್ಲಿ ಎಣ್ಣೆ ಬೆರೆಸಿದ್ದೆ, 5 ಲೀಟರ್ ಪೆಟ್ರೋಲಿಗೆ 200 ಮಿಲಿ. ಹಿತ್ತಿಲೆಲ್ಲ ನೀಲಿ ಹೊಗೆ. ಪಕ್ಕದ ಮನೆಯ ಅಜ್ಜಿ ಕೊಂಕಣಿಯಲ್ಲಿ ಏನೋ ಅಂದು ಕಿಟಕಿ ಹಾಕಿಕೊಂಡರು.

ಸದ್ದು ಸರಿ ಇತ್ತು, ಹೆಡ್ ಕೈ ಮುಟ್ಟುವಷ್ಟು ತಣ್ಣಗಿತ್ತು. ಆದರೆ ಹಿಂದಿನ ತೂತಿನಿಂದ ನೀರು ಮತ್ತೆ ದಾರದಷ್ಟೇ. ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಎಲ್ಲ ಬಿಚ್ಚಬೇಕಾ ಮತ್ತೆ?

ಭಾವ ಕೆಳಗೆ ಬಿದ್ದಿದ್ದ ಬ್ರೇಕ್ ವೈರಿನಿಂದ ಒಂದು ಎಳೆ ಬಿಡಿಸಿಕೊಂಡರು. ಆ ತೂತಿನ ಹೊರಗಿನಿಂದಲೇ ಒಳಗೆ ಚುಚ್ಚಿ, ಎರಡು ಸಲ ಆಡಿಸಿ, ಹಿಂದಕ್ಕೆ ಎಳೆದರು. ಮೊದಲು ಚೂರು ಕೆಸರು. ಹಿಂದೆಯೇ ಕಪ್ಪು ರಬ್ಬರ್ ತುಂಡು ನನ್ನ ಕಾಲ ಹತ್ತಿರ ಬಿತ್ತು. ಅದರ ಹಿಂದೆ ಕಿರುಬೆರಳಿನಷ್ಟು ದಪ್ಪ ನೀರು, ನೇರ ನನ್ನ ಲುಂಗಿಗೆ.

ಆ ತುಂಡು 8 ಮಿಲಿಮೀಟರ್. ಮೊದಲಿನ 6ರ ಪಕ್ಕ ಇಟ್ಟೆ. ಮುರಿದ ಅಂಚು ಅಂಚಿಗೆ ಸರಿಯಾಗಿ ಕೂತಿತು. ಹೊರಗಿನ ಆ ಸಣ್ಣ ಮೊಣಕೈ ಪೈಪನ್ನು ನಾನು ಒಂದು ಸಲವೂ ಬಿಚ್ಚಿ ನೋಡಿರಲಿಲ್ಲ.

ಖರ್ಚು

ಇಂಪೆಲ್ಲರ್ ಕಿಟ್ 1,450, ಗ್ಯಾಸ್ಕೆಟ್ ಸೆಟ್ 1,900, ರಿಂಗ್ ಒಟ್ಟು 2,400, ಸೀಲುಗಳು 640, ವೆಲ್ಡಿಂಗ್ 200, ಹೆಲಿಕಾಯಿಲ್ 1,100, ಬೋಲ್ಟು 260, ಗೇರ್ ಎಣ್ಣೆ 350, ಗೇಜ್ 700, ಪೆಟ್ರೋಲ್, ಅದಕ್ಕೆ ಬೆರೆಸುವ ಟೂಟಿ ಎಣ್ಣೆ, ಸೀಲೆಂಟ್, ವಿನೆಗರ್, ಸ್ಪ್ರೇ ಎಲ್ಲ ಸೇರಿ 1,400. ಒಟ್ಟು 10,400 ರೂಪಾಯಿ. ಇದರಲ್ಲಿ ಹೆಲಿಕಾಯಿಲ್ಲಿನ 1,100, ಮುರಿದ ರಿಂಗಿನ 800, ಅಂದರೆ 1,900 ನನ್ನ ಕೈಯಿಂದಾದ ದಂಡ. ಭಾವ ಪೂರ್ತಿ ಕೊಡುತ್ತೇನೆ ಅಂದರು, ದಂಡ ಮುರಿದುಕೊಂಡು ಉಳಿದದ್ದು ಇಸ್ಕೊಂಡೆ.

ಜುಲೈ 27

ನದಿಯಲ್ಲಿ ಹತ್ತು ಗಂಟೆ ಓಡಿದ ಮೇಲೆ ವಾಪಸ್ ತಂದು ಹೆಡ್ ಬೋಲ್ಟುಗಳ ಬಿಗಿ ಇನ್ನೊಮ್ಮೆ ನೋಡಿದೆ. ಒಂದು ಮಾತ್ರ ಚೂರು ಸಡಿಲ ಇತ್ತು. ಹೆಲಿಕಾಯಿಲ್ ಹಾಕಿದ ಜಾಗದಲ್ಲಿ ಒಂದು ಹನಿ ನೀರು ಜಿನುಗಿದ ಕಲೆ, ಕಣ್ಣಿಟ್ಟಿರಬೇಕು. ಕಂಪ್ರೆಷನ್ 118, 116. ಗೇರ್ ಎಣ್ಣೆ ಸ್ವಲ್ಪ ಇಳಿಸಿ ನೋಡಿದರೆ ಜೇನಿನ ಬಣ್ಣ, ನೀರಿಲ್ಲ. ಇನ್ನು ಮೇಲೆ 50ಕ್ಕೆ 1 ಎಣ್ಣೆ ಸಾಕು ಅಂತ ಭಾವನಿಗೆ ಹೇಳಿ, ಕ್ಯಾನಿನ ಮೇಲೆ "5 ಲೀಟರಿಗೆ 100" ಅಂತ ಬರೆದುಕೊಟ್ಟೆ. ಸ್ಟಾರ್ಟರ್ ಹಗ್ಗ ಹಿಡಿಯ ಹತ್ತಿರ ಸವೆದಿದೆ. ಅದನ್ನು ಬದಲಿಸೋದು ಬಾಕಿ.